ಅಪ್ಪನ ಬೆರಳಿಗೆ ಹೊಂದುವ ಚುಕ್ಕಿ

ಅರಕಲಗೂಡಿನ ಪ್ರೀತಿಯ ಮಿತ್ರರೇ,

ಸಕ್ಕರೆ ಕಾಯಿಲೆಯಿಂದ ನಿಮ್ಮ ತಂದೆಯವರ ದೃಷ್ಟಿ ಹೋದ ಸುದ್ದಿ ಓದಿ ಸಂಕಟವಾಯಿತು. ಬ್ರೈಲ್ ಪುಸ್ತಕ ಕೈಗಿಟ್ಟರೆ "ಬರೀ ಮರಳು ಮುಟ್ಟಿದ ಹಾಗಿದೆ ಕಣಪ್ಪಾ" ಎಂದು ಪಕ್ಕಕ್ಕೆ ಸರಿಸಿದರಂತೆ.

ಅವರಿಗೆ ಕಲಿಯುವ ಮನಸ್ಸಿಲ್ಲ ಎಂದುಕೊಳ್ಳಬೇಡಿ. ಲೂಯಿ ಬ್ರೈಲ್ 1824ರಲ್ಲಿ ಈ ಲಿಪಿ ರೂಪಿಸಿದಾಗ ಹದಿನೈದರ ಹುಡುಗ, ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವನು. ಚುಕ್ಕಿಯಿಂದ ಚುಕ್ಕಿಗೆ ಸುಮಾರು 2.5 ಮಿ.ಮೀ. ಅಂತರ. ಎಳೆಯ ಬೆರಳಿಗೆ ಅಷ್ಟು ಸಾಕು. ತಂಬಾಕು ಕೊಯ್ದು, ಆಲೂಗಡ್ಡೆ ಕಿತ್ತು ಜಡ್ಡುಗಟ್ಟಿದ, ಸಕ್ಕರೆಯಿಂದ ಜೋಮು ಹಿಡಿದ ಬೆರಳಿಗೆ ಒಂದು ಅಕ್ಷರದ ಮನೆಯ ಆರೂ ಚುಕ್ಕಿ ಸೇರಿ ಒಂದೇ ಉಬ್ಬಾಗುತ್ತದೆ. ಇಂಗ್ಲೆಂಡಿನಲ್ಲಿ ಯೌವನದಲ್ಲಿ ದೃಷ್ಟಿ ಕಳೆದುಕೊಂಡ ವಿಲಿಯಂ ಮೂನ್ 1845ರಲ್ಲೇ ಗೆರೆಗಳ ದೊಡ್ಡ ಲಿಪಿ ತಂದರು. ತಡವಾಗಿ ದೃಷ್ಟಿ ಹೋದ ಎಷ್ಟೋ ಜನಕ್ಕೆ ಅದೇ ಸುಲಭವಾಯಿತು.

ಹಾಗೆ ದೊಡ್ಡದಾಗಿ ಓದಲು ನಮಗೆ ದಾರಿ ಜಂಬೋ ಬ್ರೈಲ್, ಅಂದರೆ ಅದೇ ಚುಕ್ಕಿ, ದೊಡ್ಡ ಅಳತೆಯಲ್ಲಿ. ಮೊದಲು ಅದರಿಂದಲೇ ಶುರು ಮಾಡಿಸಿ. ಬೆರಳನ್ನು ಒತ್ತಬಾರದು, ಒಂದೇ ಕಡೆ ಉಜ್ಜಲೂ ಬಾರದು. ಎಡದಿಂದ ಬಲಕ್ಕೆ ಹಗುರವಾಗಿ ಸರಿಸಬೇಕು. ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಸಕ್ಕರೆ ಪರೀಕ್ಷೆಗೆ ಓದುವ ತೋರುಬೆರಳನ್ನು ಚುಚ್ಚಬೇಡಿ. ಬೇರೆ ಬೆರಳಿನ ಪಕ್ಕಕ್ಕೆ ಚುಚ್ಚಿ.

ಪುಸ್ತಕ ಸದ್ಯಕ್ಕೆ ಬೇಡ. "ಹಾಸನ" ಎಂದು ಬರೆದುಕೊಡಿ. ಹ, ಆ, ಸ, ನ, ನಾಲ್ಕೇ ಮನೆ. ನಮ್ಮ ಭಾಷೆಗಳಿಗೆಂದು 1951ರಲ್ಲಿ ಬಂದ ಭಾರತಿ ಬ್ರೈಲ್‌ನಲ್ಲಿ ಕೊಂಬು, ಇಳಿ, ಒತ್ತು ಎಂದು ಮೇಲೆ ಕೆಳಗೆ ಹುಡುಕುವ ಕಷ್ಟವಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತದೆ. ಅಪ್ಪನವರಿಗೆ ಕಾಗುಣಿತ ಬಾಯಿಪಾಠ ಇದೆಯಲ್ಲ, ಕಲಿಯಬೇಕಾದ್ದು ಬೆರಳು ಮಾತ್ರ. ಆಮೇಲೆ ಉಪ್ಪಿನ ಡಬ್ಬಿ, ಬೆಳಗಿನ ಮಾತ್ರೆ, ರಾತ್ರಿ ಮಾತ್ರೆಗಳಿಗೆ ಹೆಸರಿನ ಚೀಟಿ, ಹೊಳೆನರಸೀಪುರದ ತಂಗಿಯ, ಚನ್ನರಾಯಪಟ್ಟಣದ ಮಗಳ ಫೋನ್ ನಂಬರು. ಯಾರನ್ನೂ ಕರೆಯದೆ ತಮ್ಮ ಮಾತ್ರೆ ತಾವೇ ಆರಿಸಿಕೊಂಡರೆ, ಕಾದಂಬರಿ ಓದದಿದ್ದರೂ ನನ್ನ ಲೆಕ್ಕದಲ್ಲಿ ಅವರು ಬ್ರೈಲ್ ಬಲ್ಲವರೇ.

ಫೋನು ಓದಿ ಹೇಳುತ್ತದಲ್ಲ ಎನ್ನುತ್ತೀರಿ. ಹೇಳಲಿ, ಒಳ್ಳೆಯದೇ. ಆದರೆ ಡಬ್ಬಿಯ ಮೇಲಿನ ಹೆಸರಿಗೆ ಚಾರ್ಜು ಬೇಕಿಲ್ಲ.

ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ತರಬೇತಿ ಎಲ್ಲಿ ಸಿಗುತ್ತದೆಂದು ವಿಚಾರಿಸಿ. ಜೊತೆಗೆ ನೀವೂ ಬ್ರೈಲ್ ಬರೆಯುವ ಸ್ಲೇಟು, ಸ್ಟೈಲಸ್ ಹಿಡಿದು ಹಾಳೆಯ ಹಿಂಬದಿಯಲ್ಲಿ ಬಲದಿಂದ ಎಡಕ್ಕೆ ಚುಚ್ಚುವುದನ್ನು ಕಲಿಯಿರಿ. ಬರೆದುಕೊಡುವವರೊಬ್ಬರು ಮನೆಯಲ್ಲಿಲ್ಲದಿದ್ದರೆ ಅಪ್ಪನವರಿಗೆ ಓದಲು ಏನೂ ಇರುವುದಿಲ್ಲ.

ನಿಮ್ಮ ವಿಶ್ವಾಸದ,
ಹಾಸನದ ಗೆಳತಿ