ಎಷ್ಟು ತಾಸಿನ ಹಾದಿ?

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಿಂದ ಅಥಣಿ ಎಷ್ಟು ದೂರ? ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 80 ಕಿ.ಮೀ. ಈ ಸೀಮೆಯ ಜನ ಮಾತ್ರ ಹಾದಿಯನ್ನು ತಾಸಿನಲ್ಲಿ ಅಳೆಯುತ್ತಾರೆ. ಮಳೆಗಾಲವಾದರೆ ಹೊಳೆ ಎಷ್ಟು ಬಂದಿದೆ ಎಂದು ಮೊದಲು ವಿಚಾರಿಸಿಕೊಳ್ಳುತ್ತಾರೆ. ಅವರ ಅಳತೆಯೇ ಸರಿ ಎನ್ನುವುದಕ್ಕೆ ಚಿಕ್ಕೋಡಿ, ರಾಯಬಾಗ, ಕುಡಚಿ, ಉಗಾರ, ಕಾಗವಾಡಗಳನ್ನು ಸುತ್ತಿ ಅಥಣಿ ಸೇರುವ ನನ್ನ ಹಾದಿಯೇ ಸಾಕ್ಷಿ. ಇಲ್ಲಿ ಪ್ರಯಾಣದ ವೇಳೆಯನ್ನು ನಿರ್ಧರಿಸುವುದರಲ್ಲಿ ರಸ್ತೆಯ ಅಗಲಕ್ಕಿಂತ ಸೇತುವೆಯ ಎತ್ತರದ ಪಾಲು ದೊಡ್ಡದು.

ತಂಬಾಕಿನ ಪೇಟೆ ನಿಪ್ಪಾಣಿಗೆ ಪುಣೆ–ಬೆಂಗಳೂರು ಹೆದ್ದಾರಿಯೇ ಇದೆ. ಆದರೂ 2021ರ ಜುಲೈನಲ್ಲಿ ವೇದಗಂಗೆ ಉಕ್ಕಿ ಯಮಗರ್ಣಿ ಬಳಿ ಆ ಹೆದ್ದಾರಿಯನ್ನೇ ಮುಚ್ಚಬೇಕಾಯಿತು. ಒಳರಸ್ತೆಗಳ ಪಾಡು ಇನ್ನೂ ಕಷ್ಟ. ಕಾರದಗಾ–ಭೋಜ, ಜತ್ರಾಟ–ಭಿವಶಿ, ಕಲ್ಲೋಳ–ಯಡೂರು: ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಮೊದಲು ಮುಳುಗುವ ಸೇತುವೆಗಳ ಹೆಸರು ಇವು. ಇಂಥವುಗಳಲ್ಲಿ ಹಲವು ಬ್ಯಾರೇಜುಗಳು. ಬೇಸಿಗೆಗೆ ನೀರು ಹಿಡಿದಿಡುವುದು ಅವುಗಳ ಮೂಲ ಕೆಲಸ, ಮೇಲಿನ ರಸ್ತೆ ಅದರ ಜೊತೆಗೆ ಬಂದದ್ದು. ಆ ನೀರು ಕುಡಿದು ಬೆಳೆದ ಕಬ್ಬು ಚಳಿಗಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳಲ್ಲಿ ಕಾರ್ಖಾನೆಗೆ ಹೊರಡುತ್ತದೆ. ಹಿಂದಿನ ಬಸ್ಸು ಅವುಗಳ ನಡಿಗೆಯಲ್ಲೇ ಸಾಗುತ್ತದೆ. ಹೀಗೆ ಒಂದೇ ಹಾದಿಗೆ ವರ್ಷದಲ್ಲಿ ಮೂರು ಉದ್ದ: ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು.

ರೈಲು ಇದೆಯಲ್ಲ ಎನ್ನಬಹುದು. ಇದೆ, ಆದರೆ ಮಿರಜ–ಬೆಳಗಾವಿ ಮಾರ್ಗ ಉತ್ತರದಿಂದ ದಕ್ಷಿಣಕ್ಕೆ ಓಡುತ್ತದೆ, ನಮ್ಮದು ಪಶ್ಚಿಮದಿಂದ ಪೂರ್ವದ ಪ್ರಯಾಣ. ನಿಪ್ಪಾಣಿಗೂ ಅಥಣಿಗೂ ನಿಲ್ದಾಣವಿಲ್ಲ. 'ಚಿಕ್ಕೋಡಿ ರೋಡ್' ಹೆಸರಿಗಷ್ಟೇ ಚಿಕ್ಕೋಡಿ, ಊರು ದೂರ. ಆದರೂ ರೈಲು ಒಂದು ಪಾಠ ಹೇಳುತ್ತದೆ. ಕುಡಚಿ–ಉಗಾರದ ನಡುವೆ ರಸ್ತೆ, ರೈಲು ಎರಡೂ ಕೃಷ್ಣೆಯನ್ನು ದಾಟುತ್ತವೆ: ಮಹಾಪೂರದಲ್ಲಿ ರಸ್ತೆಯ ಸೇತುವೆ ನೀರೊಳಗೆ ಹೋಗುತ್ತದೆ, ಹಳಿಯ ಸೇತುವೆ ಎತ್ತರದಲ್ಲಿ ನಿಂತಿರುತ್ತದೆ. ಹೊಳೆ ಒಂದೇ, ಕಟ್ಟಿದವರ ಲೆಕ್ಕ ಬೇರೆ.

ಲೆಕ್ಕ ಸರಿಯಿದ್ದರೆ ಪ್ರಯಾಣ ಹೇಗಿರುತ್ತದೆ ಎನ್ನುವುದಕ್ಕೆ ದೂರದ ಒಂದು ಹೋಲಿಕೆ ನೋಡಿ. ಯುರೋಪಿನ ವಿಯೆನ್ನಾ ಮತ್ತು ಬ್ರಾಟಿಸ್ಲಾವಾ ಡ್ಯಾನ್ಯೂಬ್ ದಂಡೆಯ ಎರಡು ರಾಜಧಾನಿಗಳು, ನಡುವೆ ನೇರ 55 ಕಿ.ಮೀ. ರೈಲಿಗೆ ಸುಮಾರು ಒಂದು ತಾಸು. 2007ರ ಡಿಸೆಂಬರಿನಲ್ಲಿ ಗಡಿ ತಪಾಸಣೆಯೂ ನಿಂತಿತು. ಶ್ರೀಮಂತ ದೇಶಗಳ ಜೊತೆ ಹೋಲಿಕೆ ಏಕೆ ಎಂಬ ಆಕ್ಷೇಪ ಸಹಜ. ಆದರೆ ತಾಸಿಗೆ 55 ಕಿ.ಮೀ. ದೊಡ್ಡ ವೇಗವೇನಲ್ಲ, ನಮ್ಮ ಒಳ್ಳೆಯ ರಸ್ತೆಯಲ್ಲೂ ಆಗುವಂಥದ್ದೇ. ಅಲ್ಲಿನವರಿಗೆ ಸಿಕ್ಕಿರುವುದು ಇಂದಿನ ಒಂದು ತಾಸು ನಾಳೆಯೂ ಒಂದೇ ತಾಸು ಎಂಬ ಭರವಸೆ.

ಸೇತುವೆ ಮುಳುಗುವುದು ವರ್ಷಕ್ಕೆ ಕೆಲವೇ ದಿನ, ಅದನ್ನು ಎತ್ತರಿಸಲು ಅಷ್ಟು ದುಡ್ಡು ಸುರಿಯಬೇಕೆ ಎಂಬ ಮಾತೂ ಇದೆ. ಆದರೆ ಹೆರಿಗೆ ಹೊಳೆ ಇಳಿಯುವವರೆಗೆ ಕಾಯುವುದಿಲ್ಲ, ಕರೆದ ಹಾಲು ಮರುದಿನಕ್ಕೆ ಉಳಿಯುವುದಿಲ್ಲ. ಎಲ್ಲ ಬ್ಯಾರೇಜನ್ನೂ ಎತ್ತರಿಸಬೇಕಿಲ್ಲ. ತಾಲೂಕಿನಿಂದ ತಾಲೂಕಿಗೆ ಒಂದಾದರೂ ಹಾದಿ ಮಹಾಪೂರದ ಗುರುತಿಗಿಂತ ಮೇಲಿದ್ದರೆ ಸಾಕು. ಆಗ ನಿಪ್ಪಾಣಿಯವರು ಅಥಣಿಗೆ ಹೊರಡುವಾಗ ಹೊಳೆಯನ್ನು ಕೇಳದೆ ಬಸ್ಸು ಹತ್ತಬಹುದು.