ಹೆಸರು ಬರೆದುಕೊಂಡ ಅಂಗಡಿ

ವ್ಯಾಪಾರದಲ್ಲಿ ಅಂಗಡಿಕಾರನ ಕೈಸೇರುವುದೆಲ್ಲವೂ ಅವನ ಸ್ವತ್ತಾಗುವುದಿಲ್ಲ. ಗಿರಾಕಿ ತೆತ್ತ ಹಣ ನ್ಯಾಯವಾಗಿ ಅವನದು. ಅದರಿಂದ ಬಂದ ಲಾಭವೂ ಅವನದೇ. ಆದರೆ ಗಿರಾಕಿಯು ಹಣದೊಡನೆ ಬೇರೆ ಕೆಲವನ್ನೂ ಅಲ್ಲಿ ಬಿಟ್ಟುಹೋಗುತ್ತಾನೆ: ತನ್ನ ಹೆಸರು, ವಿಳಾಸ, ಮನೆಯ ಅಗತ್ಯಗಳ ಸುಳಿವು, ಈ ಅಂಗಡಿ ತನಗೆ ಕೇಡು ಬಗೆಯದೆಂಬ ನೆಮ್ಮದಿ. ಇವನ್ನು ಅವನು ಮಾರಿದವನಲ್ಲ, ನಂಬಿ ಒಪ್ಪಿಸಿದವನು. ವ್ಯಾಪಾರ ಚೆನ್ನಾಗಿ ನಡೆಯುವಷ್ಟು ಕಾಲ ಈ ಭೇದ ಯಾರ ಗಮನಕ್ಕೂ ಬರುವುದಿಲ್ಲ. ಅಂಗಡಿ ಮುಳುಗಿ, ಸಾಲ ಕೊಟ್ಟವರು ಬಾಗಿಲಲ್ಲಿ ನಿಂತು, ಒಳಗೆ ಮಾರತಕ್ಕದ್ದು ಏನೇನಿದೆ ಎಂದು ಪಟ್ಟಿ ಮಾಡತೊಡಗಿದ ದಿನ ಅದು ಎದ್ದು ಕಾಣುತ್ತದೆ. ಅಮೆರಿಕದ ರೇಡಿಯೋ ಶ್ಯಾಕ್ ಎಂಬ ಅಂಗಡಿಗಳ ಸರಪಳಿಯ ಏಳುಬೀಳಿನ ಕಥೆಯನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಉಚಿತವಾಗಿದೆ.

ಈ ಅಂಗಡಿಯನ್ನು 1921ರಲ್ಲಿ ಬಾಸ್ಟನ್ ನಗರದಲ್ಲಿ ಥಿಯೊಡೋರ್ ಮತ್ತು ಮಿಲ್ಟನ್ ಡಾಯ್ಚ್‌ಮನ್ ಎಂಬ ಸಹೋದರರು ತೆರೆದರು. ಹಡಗುಗಳಲ್ಲಿ ರೇಡಿಯೋ ಯಂತ್ರವನ್ನು ಇರಿಸುತ್ತಿದ್ದ ಮರದ ಪುಟ್ಟ ಕೋಣೆಗೆ ರೇಡಿಯೋ ಶ್ಯಾಕ್ ಎಂಬ ಹೆಸರಿತ್ತು. ಅದನ್ನೇ ಅಂಗಡಿಗೂ ಇಟ್ಟರು. ಹಡಗಿನ ರೇಡಿಯೋ ಅಧಿಕಾರಿಗಳು, ಮನೆಯಲ್ಲಿಯೇ ಯಂತ್ರ ಕಟ್ಟಿಕೊಂಡು ದೂರದೂರದವರೊಡನೆ ಸಂಭಾಷಿಸುವ ಹ್ಯಾಮ್ ಹವ್ಯಾಸಿಗಳು ಇದರ ಮೊದಲ ಗಿರಾಕಿಗಳು. ನಾಲ್ಕು ದಶಕಗಳ ಬಳಿಕ, ಒಂಬತ್ತು ಅಂಗಡಿಗಳೂ ಅಂಚೆಯ ಮೂಲಕ ಸರಕು ಕಳುಹಿಸುವ ವ್ಯವಹಾರವೂ ಇದ್ದ ಸಂಸ್ಥೆ ಸಾಲದಲ್ಲಿ ಮುಳುಗಿತು. 1960ರ ದಶಕದ ಆರಂಭದಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್ ನಗರದ ವರ್ತಕ ಚಾರ್ಲ್ಸ್ ಟ್ಯಾಂಡಿ ಅದನ್ನು ಸುಮಾರು 3 ಲಕ್ಷ ಡಾಲರಿಗೆ ಕೊಂಡನು.

ಟ್ಯಾಂಡಿ ಲೆಕ್ಕದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಸುಮಾರು 40,000 ಬಗೆಯಷ್ಟಿದ್ದ ಸರಕನ್ನು 2,500ಕ್ಕೆ ಇಳಿಸಿದನು. ದೊಡ್ಡ ಮಳಿಗೆಗಳ ಬದಲು ಊರೂರಿಗೆ ಸಣ್ಣ ಅಂಗಡಿ ಎಂಬ ನೀತಿಯನ್ನು ಹಿಡಿದನು. ಅಂಗಡಿಯ ವ್ಯವಸ್ಥಾಪಕನಿಗೆ ಆ ಅಂಗಡಿಯ ಲಾಭದಲ್ಲಿ ಪಾಲು ಕೊಟ್ಟನು. ಪರಿಣಾಮವಾಗಿ ಅವನು ಸಂಬಳಕ್ಕಾಗಿ ನಿಂತ ಆಳಿನಂತಿರದೆ ಅರ್ಧ ಯಜಮಾನನಂತೆ ದುಡಿದನು. 1978ರಲ್ಲಿ ಟ್ಯಾಂಡಿ ತೀರಿಕೊಳ್ಳುವ ವೇಳೆಗೆ ಅಂಗಡಿಗಳು ಸಾವಿರಗಳ ಲೆಕ್ಕದಲ್ಲಿದ್ದವು.

ಈ ಅಂಗಡಿಗಳ ಹಿಂಬದಿಯ ಗೋಡೆಯಲ್ಲಿ ಅವುಗಳ ಜೀವಾಳವಿತ್ತು. ರೆಸಿಸ್ಟರ್, ಕೆಪಾಸಿಟರ್, ಡಯೋಡ್, ಟ್ರಾನ್ಸಿಸ್ಟರ್, ಸ್ವಿಚ್ಚು, ತಂತಿ ಮುಂತಾದ ಬಿಡಿಭಾಗಗಳು ಸಣ್ಣ ಪೊಟ್ಟಣಗಳಲ್ಲಿ, ಒಂದೆರಡು ಡಾಲರಿನ ಬೆಲೆಗೆ ಅಲ್ಲಿ ದೊರೆಯುತ್ತಿದ್ದವು. ಶಾಲೆಯ ಹುಡುಗನೊಬ್ಬ ಶನಿವಾರ ಸೈಕಲ್ಲಿನಲ್ಲಿ ಬಂದು, ತನ್ನ ರೇಡಿಯೋ ಏಕೆ ಮೂಕವಾಗಿದೆಯೆಂದು ಕೇಳಿದರೆ, ಅವನ ನಕ್ಷೆಯನ್ನು ಬಿಡಿಸಿ ನೋಡಿ, ಈ ಭಾಗವನ್ನು ಬದಲಿಸು ಎಂದು ಹೇಳಬಲ್ಲ ಮಾರಾಟಗಾರರು ಅಲ್ಲಿದ್ದರು. ಬೆಸುಗೆಯ ಅಗತ್ಯವಿಲ್ಲದೆ, ಸುರುಳಿಗಳ ನಡುವೆ ತಂತಿ ಸಿಕ್ಕಿಸಿ 150 ಪ್ರಯೋಗಗಳನ್ನು ಮಾಡಬಹುದಾದ ಪೆಟ್ಟಿಗೆಯನ್ನು ಸಂಸ್ಥೆ ಮಾರುತ್ತಿತ್ತು. ಎಷ್ಟೋ ಮಕ್ಕಳಿಗೆ ವಿದ್ಯುತ್ತಿನ ಅಕ್ಷರಾಭ್ಯಾಸ ಆ ಪೆಟ್ಟಿಗೆಯಿಂದಲೇ ಆಯಿತು. ಫಾರೆಸ್ಟ್ ಮಿಮ್ಸ್ ಎಂಬ ಲೇಖಕ ಇಡೀ ಪುಸ್ತಕವನ್ನು ಕೈಬರಹದಲ್ಲಿಯೇ ಬರೆದು, ಚಿತ್ರಗಳನ್ನೂ ತಾನೇ ಬಿಡಿಸಿ, 1983ರಲ್ಲಿ ಸಿದ್ಧಪಡಿಸಿದ ಎಲೆಕ್ಟ್ರಾನಿಕ್ಸ್ ಪ್ರವೇಶಿಕೆಯು ಈ ಅಂಗಡಿಗಳ ಮೂಲಕ ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳಲ್ಲಿ ಹರಡಿತು. ತಿಂಗಳಿಗೊಂದು ಬ್ಯಾಟರಿಯನ್ನು ಉಚಿತವಾಗಿ ಕೊಡುವ ಕಾರ್ಡೂ ಇತ್ತು. ಒಂದು ಬ್ಯಾಟರಿಗಾಗಿ ಬಂದವನು ಬರಿಗೈಯಲ್ಲಿ ಹೋಗುವುದು ಅಪರೂಪವೆಂಬ ವ್ಯಾಪಾರಿಯ ಜಾಣ್ಮೆ ಅದರ ಹಿಂದಿದ್ದಿರಬಹುದು. ಆದರೆ ಆ ಜಾಣ್ಮೆಯಿಂದ ಯಾರಿಗೂ ನಷ್ಟವಾಗಲಿಲ್ಲ.

1977ರ ಆಗಸ್ಟ್‌ನಲ್ಲಿ ಸಂಸ್ಥೆ ಟಿಆರ್‌ಎಸ್-80 ಎಂಬ ಗೃಹಬಳಕೆಯ ಕಂಪ್ಯೂಟರನ್ನು ಹೊರತಂದಿತು. ಪರದೆ ಮತ್ತು ಕ್ಯಾಸೆಟ್ ಯಂತ್ರ ಸಮೇತ ಅದರ ಬೆಲೆ ಸುಮಾರು 600 ಡಾಲರ್. ಇಂತಹ ವಸ್ತುವನ್ನು ಯಾರು ಕೊಂಡಾರೆಂಬ ಅಳುಕಿನಿಂದ ಮೊದಲಿಗೆ 3,500 ಯಂತ್ರಗಳನ್ನಷ್ಟೇ ಮಾಡಿಸಲು ಅಧಿಕಾರಿಗಳು ಒಪ್ಪಿದರು. ಸಂಸ್ಥೆಯ ಸ್ವಂತ ಅಂಗಡಿಗಳ ಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ. ಒಂದೂ ಮಾರಾಟವಾಗದಿದ್ದರೆ ಅಂಗಡಿಗೊಂದರಂತೆ ದಾಸ್ತಾನಿನ ಲೆಕ್ಕಕ್ಕೆ ಬಳಸಿಕೊಳ್ಳಬಹುದೆಂಬ ಎಣಿಕೆ ಅವರದು. ಆದರೆ ಒಂದೂವರೆ ತಿಂಗಳೊಳಗೆ ಹತ್ತು ಸಾವಿರ ಯಂತ್ರಗಳು ಮಾರಾಟವಾದವು. ಬಿಡಿಭಾಗ ಕೊಳ್ಳಲು ಬರುತ್ತಿದ್ದ ಹವ್ಯಾಸಿಗಳ ನಂಬಿಕೆಯೇ ಈ ಹೊಸ ಸಾಹಸಕ್ಕೆ ನೆಲಗಟ್ಟಾಯಿತೆಂಬುದು ಇಲ್ಲಿ ಗಮನಾರ್ಹ. ಚಿಲ್ಲರೆ ಪೊಟ್ಟಣಗಳಲ್ಲಿ ಗಳಿಸಿದ ಹೆಸರು ದೊಡ್ಡ ವ್ಯಾಪಾರಕ್ಕೆ ಬಂಡವಾಳವಾಯಿತು.

ಅವನತಿಗೆ ಕಾರಣಗಳನ್ನು ಹುಡುಕುವಾಗ ಕಾಲದ ಪಾಲನ್ನು ಕಾಲಕ್ಕೇ ಕೊಡಬೇಕು. ಬಿಡಿಬಿಡಿಯಾಗಿದ್ದ ಹತ್ತಾರು ಭಾಗಗಳು ಒಂದೇ ಚಿಪ್ಪಿನೊಳಗೆ ಅಡಗಿದವು. ಆ ಚಿಪ್ಪುಗಳೂ ಕೈಯಿಂದ ಬೆಸೆಯಲು ಕಷ್ಟವಾಗುವಷ್ಟು ಕಿರಿದಾದವು. ಕೆಟ್ಟ ರೇಡಿಯೋವನ್ನು ದುರಸ್ತಿ ಮಾಡುವುದಕ್ಕಿಂತ ಹೊಸದನ್ನು ಕೊಳ್ಳುವುದು ಅಗ್ಗವಾಯಿತು. ಕಂಪ್ಯೂಟರಿನ ಪೈಪೋಟಿಯಲ್ಲಿ ನಿಲ್ಲಲಾರದೆ ಸಂಸ್ಥೆ 1993ರಲ್ಲಿ ಅದರ ತಯಾರಿಕೆಯನ್ನೇ ಪರರಿಗೆ ಮಾರಿತು. ಮನೆಯಿಂದಲೇ ಕೇಳಿ ತರಿಸಿಕೊಳ್ಳುವ ಸೌಲಭ್ಯ ಬಂದ ಮೇಲೆ, ಹವ್ಯಾಸಿಗೆ ಬೇಕಾದ ಭಾಗ ಇನ್ನೂ ಕಡಿಮೆ ಬೆಲೆಗೆ ಅಂಚೆಯಲ್ಲಿ ದೊರೆಯತೊಡಗಿತು. ಇವುಗಳಲ್ಲಿ ಯಾವುದೂ ಯಾರೊಬ್ಬರ ಅಪರಾಧವಲ್ಲ. ಕಾಲ ಬದಲಾದಾಗ ವ್ಯಾಪಾರ ಕುಗ್ಗುವುದು ಸಹಜ.

ಕುಗ್ಗುತ್ತಿರುವ ವ್ಯಾಪಾರವನ್ನು ಉಳಿಸಲು ಸಂಸ್ಥೆ ಹಿಡಿದ ದಾರಿ ವಿಚಾರಾರ್ಹವಾಗಿದೆ. ಮೊಬೈಲ್ ಫೋನ್ ಬಂದಿತು. ಒಂದು ಫೋನನ್ನು ಮಾರಿ, ಗಿರಾಕಿಯನ್ನು ಯಾವುದಾದರೊಂದು ದೂರವಾಣಿ ಕಂಪನಿಯ ಒಪ್ಪಂದಕ್ಕೆ ಸೇರಿಸಿದರೆ ಆ ಕಂಪನಿಯಿಂದ ಕಮಿಷನ್ ದೊರೆಯುತ್ತಿತ್ತು. ಒಂದು ಪೊಟ್ಟಣ ರೆಸಿಸ್ಟರಿಗಾಗಿ ಹುಡುಗನೊಬ್ಬನ ಜೊತೆ ಇಪ್ಪತ್ತು ನಿಮಿಷ ಕಳೆಯುವುದಕ್ಕಿಂತ ಅದು ಎಷ್ಟೋ ಲಾಭಕರ. ಕ್ರಮೇಣ ಫೋನುಗಳು ಅಂಗಡಿಯ ಮುಂಭಾಗವನ್ನು ಆಕ್ರಮಿಸಿದವು. ಬಿಡಿಭಾಗಗಳು ಹಿಂದಿನ ಮೂಲೆಯ ಕೆಲವೇ ಡ್ರಾಯರುಗಳಿಗೆ ಸರಿದವು. ಸರ್ಕ್ಯೂಟು ಬಲ್ಲ ಮಾರಾಟಗಾರನ ಸ್ಥಾನಕ್ಕೆ ಒಪ್ಪಂದದ ಕಾಗದಕ್ಕೆ ಸಹಿ ಹಾಕಿಸಬಲ್ಲವನು ಬಂದನು. ನಿಮ್ಮಲ್ಲಿ ಪ್ರಶ್ನೆಗಳಿವೆ, ನಮ್ಮಲ್ಲಿ ಉತ್ತರಗಳಿವೆ ಎಂಬ ಅರ್ಥದ ಘೋಷಣೆಯನ್ನು ಸಂಸ್ಥೆ 1990ರ ದಶಕದಿಂದ ಸಾರುತ್ತಿತ್ತು. ಪ್ರಶ್ನೆ ಹೊತ್ತು ಬಂದವನಿಗೆ ಉತ್ತರ ಸಿಗದೆ ಹೋದಾಗ ಘೋಷಣೆಯೇ ಅಣಕವಾಯಿತು. ಮುಂದೆ ದೂರವಾಣಿ ಕಂಪನಿಗಳು ತಮ್ಮವೇ ಅಂಗಡಿಗಳನ್ನು ಬೀದಿಬೀದಿಗೆ ತೆರೆದವು. ಫೋನಿಗಾಗಿ ಈ ಅಂಗಡಿಗೆ ಬರಬೇಕಾದ ಕಾರಣ ಉಳಿಯಲಿಲ್ಲ. ಬಿಡಿಭಾಗಕ್ಕಾಗಿ ಬರುತ್ತಿದ್ದವನು ಅದಾಗಲೇ ಬರುವುದನ್ನು ಬಿಟ್ಟಿದ್ದನು.

2006ರಲ್ಲಿ ನಡೆದ ಎರಡು ಸಂಗತಿಗಳು ಒಳಗಿನ ಸ್ಥಿತಿಯನ್ನು ಹೊರಗೆ ತೋರಿದವು. ಆ ವರ್ಷದ ಫೆಬ್ರವರಿಯಲ್ಲಿ ಸಂಸ್ಥೆಯ ಮುಖ್ಯಾಧಿಕಾರಿ ತಾನು ಪಡೆಯದ ವಿದ್ಯಾರ್ಹತೆಯನ್ನು ತನ್ನ ಪರಿಚಯಪತ್ರದಲ್ಲಿ ನಮೂದಿಸಿದ್ದು ಬಯಲಾಗಿ ಅಧಿಕಾರ ಬಿಡಬೇಕಾಯಿತು. ಆಗಸ್ಟ್ ತಿಂಗಳಲ್ಲಿ ಫೋರ್ಟ್ ವರ್ತ್‌ನ ಪ್ರಧಾನ ಕಚೇರಿಯ ಸುಮಾರು 400 ನೌಕರರಿಗೆ ಅವರ ಕೆಲಸ ಹೋದ ಸುದ್ದಿಯನ್ನು ಇ-ಮೇಲ್ ಮೂಲಕ ತಿಳಿಸಲಾಯಿತು. ನಷ್ಟದಲ್ಲಿರುವ ಸಂಸ್ಥೆ ನೌಕರರನ್ನು ಕಡಿಮೆ ಮಾಡುವುದು ಅನಿವಾರ್ಯವಾಗಬಹುದು. ಆದರೆ ಒಂದೇ ಕಟ್ಟಡದಲ್ಲಿ ದುಡಿಯುತ್ತಿದ್ದವನ ಎದುರು ನಿಂತು ಹೇಳಬೇಕಾದ ಮಾತನ್ನು ಯಂತ್ರದ ಬಾಯಿಂದ ಹೇಳಿಸುವುದು ಅನಿವಾರ್ಯವಾಗಿರಲಿಲ್ಲ. ಅಂಗಡಿಯ ವ್ಯವಸ್ಥಾಪಕನನ್ನು ಪಾಲುದಾರನೆಂದು ಕಂಡ ಟ್ಯಾಂಡಿಯ ಕಾಲಕ್ಕೂ ಈ ದಿನಕ್ಕೂ ನಡುವೆ ಮೂವತ್ತು ವರ್ಷವೂ ಕಳೆದಿರಲಿಲ್ಲ.

2011ರ ಸುಮಾರಿಗೆ ಸಂಸ್ಥೆಗೆ ಹಳೆಯ ಹವ್ಯಾಸಿಗಳ ನೆನಪಾಯಿತು. ಆರ್ಡುಯಿನೊ ಮುಂತಾದ ಹೊಸ ಪ್ರಯೋಗಫಲಕಗಳನ್ನು ತರಿಸಿ ಮಾರತೊಡಗಿತು. ಅಷ್ಟರಲ್ಲಿ ಹೊತ್ತು ಮೀರಿತ್ತು. 2014ರಲ್ಲಿ 1,100 ಅಂಗಡಿಗಳನ್ನು ಮುಚ್ಚಿ ಉಳಿದವನ್ನು ಕಾಯ್ದುಕೊಳ್ಳುವ ಯೋಜನೆ ಹೂಡಿದಾಗ, ಸಾಲ ಕೊಟ್ಟ ಸಂಸ್ಥೆಗಳು ಒಪ್ಪಿಗೆ ನೀಡಲಿಲ್ಲ. ತನ್ನ ಅಂಗಡಿಯನ್ನು ಮುಚ್ಚುವ ಸ್ವಾತಂತ್ರ್ಯವೂ ತನಗಿಲ್ಲವೆಂಬಷ್ಟು ಅದು ಸಾಲಕ್ಕೆ ಕಟ್ಟುಬಿದ್ದಿತ್ತು. 2015ರ ಫೆಬ್ರವರಿ 5ರಂದು ರೇಡಿಯೋ ಶ್ಯಾಕ್ ದಿವಾಳಿಯ ಅರ್ಜಿ ಸಲ್ಲಿಸಿತು. ಆಗ ಅದಕ್ಕೆ ಸುಮಾರು ನಾಲ್ಕು ಸಾವಿರ ಅಂಗಡಿಗಳಿದ್ದವು.

ಈಗ ಲೇಖನದ ಆರಂಭದಲ್ಲಿ ಎತ್ತಿದ ವಿಚಾರಕ್ಕೆ ಬರಬಹುದು. ಈ ಅಂಗಡಿಗಳಲ್ಲಿ ಒಂದು ವಿಚಿತ್ರ ರೂಢಿಯಿತ್ತು. ಒಂದು ಬ್ಯಾಟರಿ ಕೊಂಡರೂ ಗಿರಾಕಿಯ ಹೆಸರು, ವಿಳಾಸಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಕ್ಯಾಟಲಾಗು ಮತ್ತು ರಿಯಾಯಿತಿಯ ಪತ್ರಗಳನ್ನು ಅಂಚೆಯಲ್ಲಿ ಕಳುಹಿಸಲು ಅದು ಬೇಕಿತ್ತು. ಹಲವರಿಗೆ ಇದು ಕಿರಿಕಿರಿ. ಆದರೂ ಹೆಚ್ಚಿನವರು ಬರೆಸುತ್ತಿದ್ದರು. 2002ರಲ್ಲಿ ಈ ರೂಢಿ ನಿಂತರೂ, ಪಟ್ಟಿ ಬೆಳೆಯುತ್ತಲೇ ಇತ್ತು. ಗಿರಾಕಿಗಳ ಪಟ್ಟಿಯನ್ನು ಮಾರದಿರುವುದು ತನಗೆ ಹೆಮ್ಮೆಯ ವಿಷಯವೆಂದು ಸಂಸ್ಥೆ ತನ್ನ ಅಂಗಡಿಗಳಲ್ಲಿ ಫಲಕ ಹಾಕಿತ್ತು.

ದಿವಾಳಿಯ ಹರಾಜಿನಲ್ಲಿ ಮೇಜು, ಕಪಾಟು, ಉಳಿದ ಸರಕು ಇವುಗಳೊಡನೆ ಈ ಪಟ್ಟಿಯೂ ಮಾರಾಟದ ಸ್ವತ್ತಾಗಿ ಕಾಣಿಸಿಕೊಂಡಿತು. ಟೆಕ್ಸಾಸ್ ರಾಜ್ಯದ ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ತಿಳಿಸಿದಂತೆ ಅದರಲ್ಲಿ ಸುಮಾರು 11.7 ಕೋಟಿ ಜನರ ವಿವರಗಳಿದ್ದವು. ಮಾರುವುದಿಲ್ಲವೆಂದು ಗೋಡೆಯ ಮೇಲೆ ಬರೆದ ಮಾತು ಅಂಗಡಿ ದಿವಾಳಿಯಾದ ಮಾತ್ರಕ್ಕೆ ಅಳಿಸಿಹೋಗುವುದೇ ಎಂಬುದು ಎದ್ದ ಪ್ರಶ್ನೆ. ಸಾಲಗಾರರ ಹಿತದೃಷ್ಟಿಯಿಂದ ನೋಡಿದರೆ, ಬೆಲೆ ಬಾಳುವ ಯಾವುದನ್ನೇ ಆದರೂ ಮಾರಿ ಸಾಲ ತೀರಿಸುವುದು ನ್ಯಾಯವೇ. ಕೊಟ್ಟ ಸಾಲವನ್ನು ಹಿಂದಿರುಗಿಸುವುದೂ ಒಂದು ವಾಗ್ದಾನವೇ ಅಲ್ಲವೇ? ಆದರೆ ಪರರು ಇರಿಸಿಹೋದ ಒಡವೆಯನ್ನು ಮಾರಿ ತನ್ನ ಸಾಲ ತೀರಿಸುವವನನ್ನು ಯಾವ ಊರಿನ ನ್ಯಾಯವೂ ಪ್ರಾಮಾಣಿಕನೆಂದು ಕರೆಯದು. ಟೆಕ್ಸಾಸ್‌ನ ನೇತೃತ್ವದಲ್ಲಿ ಅನೇಕ ರಾಜ್ಯಗಳು ಆಕ್ಷೇಪಿಸಿದವು. 2015ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಅಂಗಡಿಯ ಹೆಸರನ್ನೂ ಗಿರಾಕಿಗಳ ಪಟ್ಟಿಯನ್ನೂ ಹೊಸ ಮಾಲೀಕರು 2.62 ಕೋಟಿ ಡಾಲರಿಗೆ ಕೊಂಡರೂ, ಇತ್ತೀಚಿನ ಗಿರಾಕಿಗಳ ಇ-ಮೇಲ್ ವಿಳಾಸಗಳು ಮತ್ತು ಸೀಮಿತವಾದ ಕೆಲವು ವಿವರಗಳು ಮಾತ್ರ ಅವರಿಗೆ ದೊರೆತವು. ಉಳಿದ ಬಹುಪಾಲನ್ನು ನಾಶಪಡಿಸಬೇಕೆಂದಾಯಿತು. ಹೀಗೆ ಅಂಗಡಿ ಕೊಟ್ಟ ಮಾತನ್ನು ಬಹುಮಟ್ಟಿಗೆ ಉಳಿಸಿಕೊಟ್ಟದ್ದು ಸರ್ಕಾರಗಳು. ಮಾತು ಕೊಟ್ಟ ಅಂಗಡಿಯೇ ಅದನ್ನು ಹರಾಜಿಗೆ ಇಟ್ಟಿತ್ತು.

ಹೊಸ ಮಾಲೀಕರ ಕೈಯಲ್ಲಿ ಉಳಿದ ಸುಮಾರು 1,700 ಅಂಗಡಿಗಳೂ ಬಾಳಲಿಲ್ಲ. ಬಹುತೇಕ ಅಂಗಡಿಗಳನ್ನು ದೂರವಾಣಿ ಕಂಪನಿಯೊಂದರ ಜೊತೆ ಹಂಚಿಕೊಂಡು ನಡೆಸಿ, 2017ರ ಮಾರ್ಚ್‌ನಲ್ಲಿ ಎರಡನೆಯ ಬಾರಿ ದಿವಾಳಿಯಾಯಿತು. ಆ ಬಳಿಕ ಹೆಸರು ಮಾತ್ರ ಕೈಯಿಂದ ಕೈಗೆ ಸಾಗಿತು. 2023ರಲ್ಲಿ ಎಲ್ ಸಾಲ್ವಡೋರ್ ಮೂಲದ ಸಂಸ್ಥೆಯೊಂದು ಅದನ್ನು ಕೊಂಡಿತು. ಸ್ವತಂತ್ರ ವರ್ತಕರು ಸಣ್ಣ ಊರುಗಳಲ್ಲಿ ಇದೇ ಹೆಸರಿನಿಂದ ನಡೆಸುತ್ತಿದ್ದ ನೂರಾರು ಅಂಗಡಿಗಳು ಮಾತ್ರ ಎರಡನೆಯ ದಿವಾಳಿಯ ನಂತರವೂ ಬಾಗಿಲು ತೆರೆದುಕೊಂಡಿದ್ದವು. ಅಲ್ಲಿ ಯಜಮಾನನೇ ಗಲ್ಲೆಯ ಮೇಲೆ ಕುಳಿತಿದ್ದನು. ಗಿರಾಕಿಯ ಹೆಸರನ್ನು ಅವನು ಪಟ್ಟಿ ನೋಡದೆಯೇ ಬಲ್ಲನು.

ಈ ಕಥೆಯಿಂದ ವ್ಯಾಪಾರಿಗೆ ದೊರೆಯುವ ತಿಳಿವಳಿಕೆ ಎರಡು ಬಗೆಯದು. ಒಂದು, ಅಲ್ಪ ಲಾಭದ ಗಿರಾಕಿಯನ್ನು ಅಲ್ಪನೆಂದು ಎಣಿಸಬಾರದು. ಒಂದು ಡಾಲರಿನ ಪೊಟ್ಟಣ ಕೊಂಡವನಿಂದ ಬಂದ ಲಾಭ ಬಿಡಿಕಾಸು; ಆದರೆ ಕಂಪ್ಯೂಟರ್ ಬಂದ ದಿನ ಅಂಗಡಿಯನ್ನು ನಂಬಿದವನು ಅವನೇ. ಮತ್ತೊಂದು ಇದಕ್ಕಿಂತ ಗಹನವಾದದ್ದು. ಗಿರಾಕಿಗಳ ಹೆಸರು ಬರೆದುಕೊಳ್ಳುವ ಅಂಗಡಿಯಾಗಲಿ, ದಾನಿಗಳ ಹೆಸರು ಬರೆದುಕೊಳ್ಳುವ ಸಂಘ, ಟ್ರಸ್ಟುಗಳಾಗಲಿ, ಆ ಪುಸ್ತಕವನ್ನು ಆಸ್ತಿಯ ಕಡೆಗೆ ಬರೆಯುವ ಮುನ್ನ ಯೋಚಿಸಬೇಕು. ಅದು ಋಣದ ಕಡೆಗೆ ಸೇರತಕ್ಕ ಪುಸ್ತಕ. ಇಳಿಗಾಲ ಬಂದಾಗ ಪಟ್ಟಿಯನ್ನು ಏನು ಮಾಡಬೇಕೆಂಬುದನ್ನು ಏರುಗಾಲದಲ್ಲಿಯೇ ನಿಶ್ಚಯಿಸಿ, ಬರೆದು ಇಡುವುದು ಲೇಸು. ದಿವಾಳಿಯ ದಿನ ತೀರ್ಮಾನಿಸುವವರು ಬೇರೆಯವರಾಗಿರುತ್ತಾರೆ. ಹೆಸರು ಬರೆಸಿದವನ ಮುಖವನ್ನು ಅವರು ಕಂಡಿರುವುದಿಲ್ಲ.