ಚೆಂಡು ಒದ್ದನೋ ಇಲ್ಲವೋ

ಹಳೆಯ ಪತ್ರಿಕೆಗಳ ಕಾಮಿಕ್ ಸ್ಟ್ರಿಪ್, ಡಿಸೆಂಬರ್ ಬಂತೆಂದರೆ ಟಿವಿಯಲ್ಲಿ ಹಾಕುತ್ತಿದ್ದ ಕಪ್ಪುಬಿಳುಪು ಇಂಗ್ಲಿಷ್ ಸಿನಿಮಾ. ಇವುಗಳ ಮಾತು ಬಂದರೆ ಸಾಕು, ನನ್ನ ವಯಸ್ಸಿನವರ ಮುಖ ಅರಳುತ್ತದೆ. ‘ಎಂಥಾ ಮುಗ್ಧ ಕಾಲ’ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಈಚೆಗೆ ಅವನ್ನೆಲ್ಲ ಮತ್ತೆ ಓದಿ, ನೋಡಿದ ಮೇಲೆ ಆ ‘ಮುಗ್ಧ’ ಎಂಬ ಪದದ ಮೇಲೆಯೇ ನನಗೆ ಅನುಮಾನ.

ಚಾರ್ಲ್ಸ್ ಶುಲ್ಜ್ ಅವರ ‘ಪೀನಟ್ಸ್’ ಅಮೆರಿಕದ ಏಳು ಪತ್ರಿಕೆಗಳಲ್ಲಿ 1950ರ ಅಕ್ಟೋಬರ್ 2ರಂದು ಶುರುವಾಯಿತು. ಮೊದಲ ದಿನದ ಸ್ಟ್ರಿಪ್ಪಿನಲ್ಲೇ ಒಬ್ಬ ಹುಡುಗ, ಮುಂದೆ ಹಾದುಹೋಗುವ ಚಾರ್ಲಿ ಬ್ರೌನ್‌ನನ್ನು ಹೊಗಳಿ, ಅವನು ಮರೆಯಾದದ್ದೇ ತಡ, ಅವನನ್ನು ಕಂಡರೆ ತನಗಾಗದು ಎನ್ನುತ್ತಾನೆ. ಅಲ್ಲಿಂದ ಸುಮಾರು ಐವತ್ತು ವರ್ಷ, 17,897 ಸ್ಟ್ರಿಪ್‌ಗಳ ಉದ್ದಕ್ಕೂ ಅವನು ಸೋಲುತ್ತಲೇ ಹೋದ. ಗಾಳಿಪಟ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಒದೆಯಲು ಓಡಿಬಂದರೆ ಲೂಸಿ ಚೆಂಡನ್ನು ಎಳೆದುಕೊಳ್ಳುತ್ತಾಳೆ. 1965ರಲ್ಲಿ ಟಿವಿಗೆ ಮಾಡಿದ ಅವನ ಕ್ರಿಸ್‌ಮಸ್ ಕಾರ್ಯಕ್ರಮ ಶುರುವಾಗುವುದೂ, ಹಬ್ಬ ಬಂದರೂ ತನಗೇಕೆ ಖುಷಿಯಿಲ್ಲ ಎಂಬ ಅವನ ಅಳಲಿನಿಂದಲೇ.

ಸಿನಿಮಾದ ಕಥೆಯೂ ಅಷ್ಟೇ. ಫ್ರಾಂಕ್ ಕಾಪ್ರಾ ಅವರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ 1946ರಲ್ಲಿ ಬಂದಾಗ ಹಾಕಿದ ದುಡ್ಡೂ ಹುಟ್ಟಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣವಾಗದೆ ಹೋಯಿತು. ಪುಕ್ಕಟೆ ಸಿಕ್ಕಿತೆಂದು ಅಲ್ಲಿನ ಟಿವಿ ಕೇಂದ್ರಗಳು ಕ್ರಿಸ್‌ಮಸ್‌ಗೆಲ್ಲ ಅದನ್ನೇ ಹಾಕತೊಡಗಿದವು. ಅದು ಹಬ್ಬದ ಸಿನಿಮಾ ಆದದ್ದು ಹಾಗೆ. ಆದರೆ ಅದರ ನಾಯಕ ಜಾರ್ಜ್ ಬೈಲಿ, ತನ್ನ ಸಣ್ಣ ಸಾಲಸಂಸ್ಥೆಯ 8,000 ಡಾಲರ್ ಕಳೆದುಹೋಯಿತೆಂದು, ಹಬ್ಬದ ಹಿಂದಿನ ರಾತ್ರಿ ಸುರಿಯುವ ಹಿಮದಲ್ಲಿ ಸೇತುವೆಯ ಮೇಲೆ ಸಾಯಲು ನಿಂತವನು.

ನಾನು ಈ ಸಿನಿಮಾ ಮೊದಲು ನೋಡಿದ್ದು ದಾವಣಗೆರೆಯಲ್ಲಿ, ಅಪ್ಪ ಗುಮಾಸ್ತರಾಗಿದ್ದ ಕಾಟನ್ ಮಿಲ್ಲು ಮುಚ್ಚಿದ ವರ್ಷ. ಅಪ್ಪ ಬಾಕಿ ಸಂಬಳಕ್ಕೆ ಓಡಾಡಿ ಸುಸ್ತಾಗಿದ್ದರು. ರಾತ್ರಿ ಕೇಬಲ್‌ನಲ್ಲಿ ಬಂದದ್ದನ್ನು ನೋಡುತ್ತ ಕೂರುತ್ತಿದ್ದರು. ಅವತ್ತು ಕೊನೆಯಲ್ಲಿ ಊರಿನವರೆಲ್ಲ ದುಡ್ಡು ತಂದು ಮೇಜಿನ ಮೇಲೆ ಸುರಿದಾಗ ನಾನು ಅತ್ತೆ. ಅಪ್ಪ ಅಳಲಿಲ್ಲ. ಟಿವಿ ಆರಿಸಿ, ‘ಅಲ್ಲವ್ವಾ, ಆ ದುಡ್ಡು ತಗಂಡೋನಿಗೆ ಏನೂ ಆಗ್ಲಿಲ್ಲಲ್ಲ?’ ಅಂದರು.

ನಿಜ. ಕೈಗೆ ಸಿಕ್ಕ ಆ ಹಣವನ್ನು ಮುಚ್ಚಿಟ್ಟುಕೊಂಡ ಶ್ರೀಮಂತ ಪಾಟರ್‌ಗೆ ಸಿನಿಮಾ ಮುಗಿದರೂ ಶಿಕ್ಷೆಯಾಗುವುದಿಲ್ಲ. ಅಪ್ಪನ ಬಾಕಿಯೂ ಬರಲಿಲ್ಲ. ನಾನು ಅವತ್ತು ನೋಡಿದ್ದು ಹಿಮ, ದೀಪ, ದೇವದೂತ. ಅಪ್ಪ ನೋಡಿದ್ದು ಸೇತುವೆ ಮತ್ತು ಪಾಟರ್. ಎರಡೂ ಸಿನಿಮಾದಲ್ಲೇ ಇದ್ದವು.

ನೆನಪು ಇಂಥವುಗಳಿಂದ ಕಹಿಯನ್ನು ಸೋಸಿ ಸಿಹಿಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಆದರೆ ಬರೀ ಸಿಹಿಯಾಗಿದ್ದರೆ ಇವು ಇಷ್ಟು ವರ್ಷ ಉಳಿಯುತ್ತಿರಲಿಲ್ಲ ಅನ್ನಿಸುತ್ತದೆ. ಸೋತವನ ಜೊತೆಗೆ ಕೂರುವ ಗುಣ ಇವಕ್ಕಿದೆ. ಮಿಲ್ಲು ಮುಚ್ಚಿದ ಮನೆಯಲ್ಲೂ ಕೂರಬಲ್ಲವು.

1999ರ ಅಕ್ಟೋಬರ್‌ನಲ್ಲಿ ಶುಲ್ಜ್ ಆ ಚೆಂಡಿನ ಪ್ರಸಂಗವನ್ನು ಕೊನೆಯ ಸಲ ಬರೆದರು. ಲೂಸಿಯನ್ನು ಮನೆಯೊಳಗೆ ಕರೆಯುತ್ತಾರೆ, ಚೆಂಡು ಹಿಡಿಯುವ ಕೆಲಸ ಅವಳ ತಮ್ಮನಿಗೆ ಬರುತ್ತದೆ. ಚಾರ್ಲಿ ಬ್ರೌನ್ ಒದ್ದನೋ ಇಲ್ಲವೋ ಎಂದು ಅವಳು ಆಮೇಲೆ ಕೇಳುತ್ತಾಳೆ. ತಮ್ಮ ಹೇಳುವುದಿಲ್ಲ. ಶುಲ್ಜ್ ನಮಗೂ ತೋರಿಸಲಿಲ್ಲ.